'ತೂಕ'ವನ್ನು ಅಳಿಸಿದವರು ಯಾರು?

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮಕ್ಕಳ ವಾರ್ಡಿನ ಕಂಪ್ಯೂಟರಿನಲ್ಲಿ ಒಂದೇ ಒಂದು ಕೆಂಪು ಸಾಲು — 'ತೂಕ' ಸಿಗುತ್ತಿಲ್ಲ.

ಮತ್ತೆ ಇನ್‌ಸ್ಟಾಲ್ ಮಾಡಿದರು. ಸಿಗುತ್ತಿಲ್ಲ. ಮೂರನೆಯ ಸಲ. ಅದೇ ಸಾಲು.

'ತೂಕ' ಒಂದು ಪ್ಯಾಕೇಜು. ಬೇಕಾದವರು ಇಳಿಸಿಕೊಳ್ಳಲಿ ಎಂದು ಇಂಟರ್ನೆಟ್ಟಿನ ಸಾರ್ವಜನಿಕ ಉಗ್ರಾಣದಲ್ಲಿ ಬರೆದಿಟ್ಟ ಪುಟ್ಟ ಪ್ರೋಗ್ರಾಂ. ಮಗು ಎಷ್ಟು ಕಿಲೋ ಎಂದು ಕೊಟ್ಟರೆ ಔಷಧ ಎಷ್ಟು ಎಂದು ಹೇಳುತ್ತಿತ್ತು. ಆಸ್ಪತ್ರೆಯ ಯಂತ್ರಗಳು ದಿನಾ ಬೆಳಿಗ್ಗೆ ಅದನ್ನು ಹೊಸದಾಗಿ ಇಳಿಸಿಕೊಂಡೇ ಕೆಲಸ ಶುರುಮಾಡುತ್ತಿದ್ದವು. ಇವತ್ತು ಉಗ್ರಾಣದಲ್ಲಿ ಅದರ ಜಾಗ ಖಾಲಿ.

ನರ್ಸುಗಳು ಕಾಗದ, ಪೆನ್ನು ಹಿಡಿದರು. ಒಂಬತ್ತಕ್ಕೆ ಒಂದು ಚೀಟಿಯಲ್ಲಿ ದಶಾಂಶದ ಚುಕ್ಕಿ ಒಂದು ಮನೆ ಆಚೆ ಬಿತ್ತು. ಹಿರಿಯ ನರ್ಸಿನ ಕಣ್ಣಿಗೆ ಬೀಳದಿದ್ದರೆ ಮಗುವಿನ ಗತಿ ಏನಾಗುತ್ತಿತ್ತೋ.

ಕಂಪ್ಯೂಟರ್ ವಿಭಾಗದಲ್ಲಿ ಒಬ್ಬಳಿದ್ದಳು; ಅವಳಿಗೆ 'ಪತ್ತೇದಾರಿ' ಎಂದೇ ಹೆಸರು. ಕಳೆದುಹೋದ ಫೈಲು ಯಾವ ಮೂಲೆಯಲ್ಲಿದ್ದರೂ ಅವಳೇ ಹುಡುಕಿ ತೆಗೆಯಬೇಕು. ಸುದ್ದಿ ಕೇಳಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. 'ತೂಕ' ಬರೆದವನು ಅವಳ ಅಣ್ಣ. ಇದೇ ವಿಭಾಗದಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬರೆದಿದ್ದ. ತೀರಿಕೊಂಡು ಏಳು ವಾರ. ಆವತ್ತಿನಿಂದ ಅವಳಿಗೆ ಯಾವುದೂ ಅನ್ನಿಸುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟ ವಸಡಿನ ಹಾಗೆ — ಇದೆ ಅಂತ ಗೊತ್ತು, ಅಷ್ಟೇ.

"ತಾನಾಗೇ ಹೋಯ್ತಾ? ಯಾರಾದ್ರೂ ಅಳಿಸಿದ್ರಾ?" ಮುಖ್ಯಸ್ಥರು ಕೇಳಿದರು.

"ಅಳಿಸಿದ್ದಾರೆ ಸರ್. ನಿನ್ನೆ ಮಧ್ಯಾಹ್ನ ಮೂರೂವರೆಗೆ. ಅಣ್ಣನ ಪಾಸ್‌ವರ್ಡ್ ಹಾಕಿ."

"ಯಾರ ಹತ್ರ ಇದೆ ಅದು?"

"ನಿಮ್ಮ ಬೀರುವಿನಲ್ಲಿ ಒಂದು ಲಕೋಟೆ ಇದೆ."

ಮುಖ್ಯಸ್ಥರ ಮುಖ ಬಿಗಿಯಿತು. "ನನ್ನ ಮೇಲೇ ಅನುಮಾನವಾ?"

"ಹೊರಗಿನ ಕಂಪನಿಯ ಸಾಫ್ಟ್‌ವೇರ್ ತರಬೇಕು ಅಂತ ಎರಡು ವರ್ಷದಿಂದ ಹೇಳ್ತಿದ್ದೀರಿ. ಅದಕ್ಕೇ ಹೇಳಿದೆ."

ಅವರು ಬೀರು ತೆಗೆದರು. ಲಕೋಟೆಯ ಮೇಲಿನ ಅರಗು ಒಡೆದಿರಲಿಲ್ಲ. "ಇನ್ನು ನನ್ನ ಕೈಯಲ್ಲಿಲ್ಲ. ಸಂಜೆ ಪೊಲೀಸರಿಗೆ ದೂರು ಕೊಡ್ತೀನಿ."

ಪಾಸ್‌ವರ್ಡ್ ಇದ್ದ ಎರಡನೆಯ ಜಾಗ ಅಣ್ಣನ ಹಳೆಯ ಲ್ಯಾಪ್‌ಟಾಪು. ಈಗ ಅದು 'ಗಡಿಯಾರ'ದ ಮೇಜಿನ ಮೇಲಿತ್ತು. ಒಂಬತ್ತಕ್ಕೆ ಬಂದು ಐದಕ್ಕೆ ಏಳುವ, ಒಂದು ನಿಮಿಷವೂ ಆಚೀಚೆ ಆಗದ ಸಹೋದ್ಯೋಗಿಗೆ ಇಟ್ಟ ಹೆಸರು ಅದು. ಹನ್ನೊಂದರ ಹೊತ್ತಿಗೆ ಅದರಲ್ಲಿದ್ದ ಪ್ರತಿಯನ್ನು ಆಸ್ಪತ್ರೆಯ ಯಂತ್ರಕ್ಕೆ ಹಾಕಿ ವಾರ್ಡನ್ನು ನಡೆಸಿದವನೂ ಅವನೇ.

"ಪ್ಯಾಕೇಜು ನಿನ್ನ ಹೆಸರಿಗೆ ಬೇಕು ಅಂತ ಉಗ್ರಾಣದವರಿಗೆ ಎರಡು ಸಲ ಬರೆದಿದ್ದೀಯ. ಹೌದಾ?"

"ಬರೆದಿದ್ದೀನಿ. ನೋಡ್ಕೊಳ್ಳೋರು ಯಾರಾದ್ರೂ ಬೇಕಲ್ಲ!" ಅವನ ದನಿ ಏರಿತು. "ಬೇಕು ಅನ್ನೋನು ಅಳಿಸ್ತಾನಾ, ಪತ್ತೇದಾರಮ್ಮ?"

ಅವಳು ಉಗ್ರಾಣದವರು ಕಳಿಸಿದ ದಾಖಲೆಯನ್ನು ಮತ್ತೆ ತೆರೆದಳು. ಯಾವ ಯಂತ್ರದಿಂದ ಅಳಿಸಿದ್ದು ಎಂಬುದನ್ನು ಪೊಲೀಸರಿಗೆ ಮಾತ್ರ ಹೇಳುತ್ತಾರಂತೆ. ಎಲ್ಲರೂ ನೋಡಿದ್ದು ಕೊನೆಯ ಸಾಲು — 'ಅಳಿಸಲಾಗಿದೆ'. ಅದರ ಮೇಲೆ ಇನ್ನೂ ಮೂರು ಸಾಲು ಇದ್ದವು.

ಓದಿದಳು. ಬ್ಯಾಗು ತಗೊಂಡು ಎದ್ದಳು.

ಅತ್ತಿಗೆಯ ಹೊಲಿಗೆ ಅಂಗಡಿ ಎರಡು ಬೀದಿ ಆಚೆ. ಮೇಜಿನ ಮೇಲೆ ಅರ್ಧ ಕತ್ತರಿಸಿದ ನೀಲಿ ಬಟ್ಟೆ, ಸೀಮೆಸುಣ್ಣ, ಅಳತೆಯ ಟೇಪು. ಅತ್ತಿಗೆ ತಲೆ ಎತ್ತಲಿಲ್ಲ.

"ಊಟ ಆಯ್ತಾ?"

"ಆಯ್ತು," ಅಂದಳು. ಆಗಿರಲಿಲ್ಲ. "ಅತ್ತಿಗೆ, ಅಣ್ಣ ಪಾಸ್‌ವರ್ಡ್ ಬರೆದಿಟ್ಟ ಡೈರಿ ಎಲ್ಲಿದೆ?"

ಹೊಲಿಗೆ ಯಂತ್ರ ನಿಂತಿತು. "ಯಾಕೆ?"

"ಅಳಿಸೋಕೆ ಮುಂಚೆ ಪ್ಯಾಕೇಜಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀಬೇಕು. ಉಗ್ರಾಣದ ಪುಟದಲ್ಲಿ ಅದು ಕನ್ನಡದಲ್ಲಿ ಮಾತ್ರ ಕಾಣುತ್ತೆ; ಅಣ್ಣ ಹಾಗೆ ಇಟ್ಟಿದ್ದ. ನಾವು ಆಫೀಸಿನವರು ಆ ಹೆಸರನ್ನ ದಿನಾ ಹತ್ತು ಸಲ ಟೈಪ್ ಮಾಡ್ತೀವಿ — ಟಿ, ಯು, ಕೆ, ಎ. ಕಣ್ಣು ಮುಚ್ಚಿದ್ರೂ ತಪ್ಪಲ್ಲ. ನಿನ್ನೆ ಅಳಿಸಿದವರು ಮೂರು ಸಲ ತಪ್ಪಿದ್ದಾರೆ. ಮೊದಲು ಎರಡು 'ಓ' ಹಾಕಿದ್ರು. ಆಮೇಲೆ 'ಟಿ' ಜೊತೆ 'ಎಚ್'. ಆಮೇಲೆ ಎರಡೂ. ನಾಲ್ಕನೇ ಸಲ ಸರಿಯಾಯ್ತು. ಅವರು ಆ ಹೆಸರನ್ನ ಕಿವಿಯಲ್ಲಿ ಕೇಳಿದ್ದಾರೆ, ಕೈಯಲ್ಲಿ ಯಾವತ್ತೂ ಬರೆದಿಲ್ಲ."

ಅತ್ತಿಗೆ ಸೂಜಿಯಿಂದ ದಾರ ಬಿಡಿಸಿದಳು.

"ನೀನೇ ಅಲ್ವಾ?"

"ನಾನೇ." ದನಿಯಲ್ಲಿ ಏರಿಳಿತ ಇರಲಿಲ್ಲ. "ಆ ಪುಟದಲ್ಲಿ ಅವರ ಫೋನ್ ನಂಬರ್ ಇತ್ತು. ದಿನಾ ಯಾವ್ಯಾವುದೋ ಆಸ್ಪತ್ರೆಯಿಂದ ಫೋನು. 'ತೂಕ ಇನ್‌ಸ್ಟಾಲ್ ಆಗ್ತಿಲ್ಲ, ಸಾರ್‌ಗೆ ಕೊಡಿ.' ನಾನು ಹೇಳಬೇಕು, ಅವರಿಲ್ಲ ಅಂತ. ಎಲ್ಲರೂ 'ಅಯ್ಯೋ' ಅಂತಾರೆ. ಆಮೇಲೆ ಕೇಳ್ತಾರೆ, 'ಹಾಗಾದ್ರೆ ಇನ್ಯಾರನ್ನ ಕೇಳೋದು?' ಒಂದೇ ದಿನ ಆರು ಸಲ ಹೇಳಿದ್ದೀನಿ. ನಂಬರ್ ತೆಗೆಯೋಣ ಅಂತ ಕೂತೆ. ಅದು ಹೇಗೆ ಅಂತ ತಿಳೀಲಿಲ್ಲ. ಎಲ್ಲಾ ತೆಗೆಯೋದೊಂದು ತಿಳೀತು."

"ಫೋನ್ ಆಫ್ ಮಾಡಬಹುದಿತ್ತಲ್ಲ?"

"ಅದು ಅವರ ಫೋನು ಕಣೇ."

ಪತ್ತೇದಾರಿ ಮೇಜಿನ ಮೇಲಿನ ಅಳತೆಯ ಟೇಪನ್ನು ಸುತ್ತಿಟ್ಟಳು.

"ಯಾರಿಗಾದ್ರೂ ಏನಾದ್ರೂ ಆಯ್ತಾ?" ಅತ್ತಿಗೆ ಮೆಲ್ಲಗೆ ಕೇಳಿದಳು.

"ಆಗ್ತಿತ್ತು. ತಪ್ಪಿತು."

ಅತ್ತಿಗೆಯ ಕೈ ಬಟ್ಟೆಯ ಮೇಲೆ ಹಾಗೇ ಉಳಿಯಿತು. "ನನ್ನ ಹೆಸರು ಹೇಳು. ಮುಚ್ಚಿಡಬೇಡ."

ಪತ್ತೇದಾರಿ ಮುಖ್ಯಸ್ಥರಿಗೆ ಫೋನ್ ಮಾಡಿದಳು. "ಸಿಕ್ಕಿದ್ರು ಸರ್. ಅಳಿಸಿದ್ದು ನಮ್ಮ ಅತ್ತಿಗೆ, ತಿಳೀದೆ. ಆದ್ರೆ ಬರೆದವನು ಸತ್ತ ಅಂತ ಉಗ್ರಾಣಕ್ಕೆ ತಿಳಿಸಿ, ನಂಬರ್ ತೆಗೆಸೋ ಕೆಲಸ ನನ್ನದಾಗಿತ್ತು. ನೀವೇ ವಹಿಸಿದ್ರಿ. ಫಾರಂ ತುಂಬೋಕೆ ಏಳು ವಾರದಿಂದ ನನ್ನ ಕೈಲಿ ಆಗಿಲ್ಲ. ದೂರು ಕೊಡೋದಾದ್ರೆ ಎರಡು ಹೆಸರು ಬರೀರಿ."

"ಮೊದಲು ಫಾರಂ ತುಂಬು," ಎಂದರು ಮುಖ್ಯಸ್ಥರು. "ಮಿಕ್ಕಿದ್ದು ನಾಳೆ."

ಅತ್ತಿಗೆ ಬಟ್ಟೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು. ಪತ್ತೇದಾರಿ ಲ್ಯಾಪ್‌ಟಾಪ್ ತೆರೆದಳು. ಮೃತರ ಹೆಸರು. ತುಂಬಿದಳು. ನಿಮಗೆ ಅವರು ಏನಾಗಬೇಕು? ಬೆರಳು ನಿಂತಿತು. ಏಳು ವಾರದಲ್ಲಿ ಮೊದಲ ಸಲ ನೋಯಿತು.

'ಅಣ್ಣ' ಎಂದು ಬರೆದಳು.