ಕೂರದೆ ಹೊರಟ ಮನೆ

ದಶಕಗಳ ನಂತರ, ಪಾಳುಬಿದ್ದ ಪ್ರಿಪ್ಯಾತ್ ಪಟ್ಟಣದ ನಮ್ಮ ಹಳೆಯ ಮನೆಗೆ ಅಮ್ಮನನ್ನು ಕರೆದೊಯ್ದಿದ್ದೆ. ಊರ ಪಕ್ಕದ ಅಣುಸ್ಥಾವರ ಸಿಡಿದ ಮರುದಿನ ನಮ್ಮನ್ನು ಬಸ್ಸು ಹತ್ತಿಸಿದಾಗ ಅಪ್ಪ ಸ್ಥಾವರದಲ್ಲೇ ಉಳಿದಿದ್ದರು. ಮತ್ತೆ ಬರಲಿಲ್ಲ.

"ದೂರ ಹೊರಡೋ ಮುಂಚೆ ಮನೆಯವ್ರೆಲ್ಲ ಒಂದು ಗಳಿಗೆ ಕೂರ್ಬೇಕು. ಅವತ್ತು ಗಡಿಬಿಡೀಲಿ ಹಾಗೇ ಹೊರಟ್ಬಿಟ್ವಲ್ಲೇ, ಲೆಸ್ಯಾ," ಎನ್ನುತ್ತಾ ಅಮ್ಮ ಧೂಳು ಹಿಡಿದ ಬೆಂಚಿನ ಒಂದು ತುದಿಯಲ್ಲಿ ಕೂತಳು.

"ಅಮ್ಮಾ, ವಿಕಿರಣ! ಏನೂ ಮುಟ್ಬಾರ್ದು ಅಂದಿದ್ದಾರೆ."

"ಈ ಮುದುಕೀನ ಅದು ಇನ್ನೇನು ಮಾಡೀತು? ಕೂತ್ಕೊಳ್ಳೇ ಸುಮ್ನೆ."

ನಾನು ಇನ್ನೊಂದು ತುದಿಯಲ್ಲಿ ಕೂತೆ. ನಮ್ಮಿಬ್ಬರ ನಡುವೆ ಹಲಗೆ ಕಿರುಗುಟ್ಟಿ ತಗ್ಗಿತು. ಒಡೆದ ಕಿಟಕಿಯಿಂದ ಚಳಿಗಾಳಿ ಬೀಸುತ್ತಿದ್ದರೂ ನಡುವಿನ ಕಡೆಗಿದ್ದ ನನ್ನ ತೋಳು ಬೆಚ್ಚಗಾಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

"ಸರಿ, ಇನ್ನು ಹೊರಡೋಣ," ಎಂದು ಅಮ್ಮ ಎದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಗೊರಕೆ ಹೊಡೆಯುತ್ತಾ ಮಲಗಿದಳು. ಅಂಥ ನಿದ್ದೆ ಅವಳಿಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ನನ್ನ ಎದೆಯೂ ಹಗುರವಾಗಿತ್ತು.

ಮನೆಯಿಂದ ಹೊರಡುವಾಗ ನೋಡಿದ್ದೆ: ಬೆಂಚಿನ ಧೂಳಿನಲ್ಲಿ ಕೂತ ಗುರುತುಗಳು ಮೂರಿದ್ದವು.