ಒಂಬತ್ತು ಅಡಿಯ ಪಾಪ

"ಮಾವ, ಈ ರಸ್ತೆ ನಿಮ್ಮ ಮನೆ ಮುಂದೆ ಮಾತ್ರ ಯಾಕೆ ಡೊಂಕಾಗಿದೆ?"

ಊಟದ ಮೇಜಿನ ಮೇಲೆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತಂಗಿಯ ಮಗಳು ಹೀಗೆ ಕೇಳಿದಾಗ ನಕ್ಷೆಗಾರರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲೇ ಇಲ್ಲ. ನಗರಸಭೆಯ ನಕ್ಷೆ ವಿಭಾಗದಿಂದ ಅವರು ನಿವೃತ್ತರಾಗಿ ಒಂಬತ್ತು ವರ್ಷಗಳಾಗಿದ್ದವು. ಎಷ್ಟೋ ರಸ್ತೆಗಳನ್ನು ಕಾಗದದ ಮೇಲೆ ಎಳೆದ ಕೈ ಅದು. ಯಾರೂ, ಯಾವತ್ತೂ, ಈ ಪ್ರಶ್ನೆ ಕೇಳಿರಲಿಲ್ಲ.

ಅವಳನ್ನು ಅವರು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಗುಬ್ಬಿ ಎಂದು. ಈಗ ಗುಬ್ಬಿಗೆ ಮೂವತ್ತೇಳು. ಊರಿನ ಗ್ರಂಥಾಲಯದಲ್ಲಿ ಹಳೆಯ ಚಿತ್ರಗಳ ವಿಭಾಗ ನೋಡಿಕೊಳ್ಳುತ್ತಿದ್ದಳು. ಗೆದ್ದಲು ಹಿಡಿಯುತ್ತಿದ್ದ ಪೆಟ್ಟಿಗೆಯೊಂದರಲ್ಲಿ ಅವಳಿಗೆ ನಲವತ್ತು ಫೋಟೋ ಸಿಕ್ಕಿದ್ದವು, ಎಲ್ಲವೂ ಮೂವತ್ತೆರಡು ವರ್ಷ ಹಿಂದಿನ ಬೀದಿಗಳದ್ದು. ಅದೇ ಜಾಗಗಳಲ್ಲಿ ನಿಂತು ಅವಳು ಹೊಸ ಚಿತ್ರ ತೆಗೆದಿದ್ದಳು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ ಇಟ್ಟು ಬರುವ ಸೋಮವಾರದಿಂದ ಪ್ರದರ್ಶನ.

"ಉಳಿದದ್ದೆಲ್ಲ ಒಂದರ ಮೇಲೊಂದು ಇಟ್ರೆ ಸರಿಯಾಗಿ ಕೂರುತ್ತೆ ಮಾವ. ಕಟ್ಟಡ ಬದಲಾಗಿದೆ, ರಸ್ತೆ ನಡುಗೆರೆ ಬದಲಾಗಿಲ್ಲ. ಇದೊಂದು ಮಾತ್ರ ಕೂರ್ತಾನೇ ಇಲ್ಲ. ಆಗ ದಾರ ಹಿಡಿದ ಹಾಗೆ ನೇರ ಇತ್ತು ನೋಡಿ! ಈಗ ನಿಮ್ಮ ಮನೆಗೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿದು ನಿಂತಿದೆ." ಅವಳು ನಕ್ಕಳು.

ನಕ್ಷೆಗಾರರು ಕನ್ನಡಕ ಹಾಕಿಕೊಂಡು ಹಳೆಯ ಚಿತ್ರಕ್ಕೆ ಬಾಗಿದರು. ಬಲಕ್ಕೆ ಅತ್ತೆಯ ಮನೆ. ಮನೆಅಳಿಯನಾಗಿ ಅವರು ಬಂದು ಸೇರಿದ ಮನೆ, ಈಗ ಊಟಕ್ಕೆ ಕುಳಿತಿರುವುದೂ ಅದರಲ್ಲೇ. ಎಡಕ್ಕೆ, ಎದುರುಬದುರಾಗಿ, ತಂಗಿಯ ಗಂಡನ ಬೈಂಡಿಂಗ್ ಅಂಗಡಿ. ಮೂರು ಮೆಟ್ಟಿಲು. ಬಾಗಿಲಲ್ಲಿ, ತೋಳು ಮಡಚಿದ ಅಂಗಿಯಲ್ಲಿ, ಕೈಗೆ ಅಂಟು ಮೆತ್ತಿಕೊಂಡು ನಿಂತ ಭಾವ! ಯಾರೋ ಹೊರಗಿನಿಂದ ಕರೆದಿದ್ದಾರೆ, ಇನ್ನೇನು ಮಾತಾಡುತ್ತಾನೆ ಎನ್ನುವ ಹಾಗಿತ್ತು ಆ ಮುಖ…

"ನೆಲದಡಿ ನೀರಿನ ದೊಡ್ಡ ಪೈಪು ಇತ್ತಮ್ಮ," ಎಂದರು ನಕ್ಷೆಗಾರರು. "ಅದಕ್ಕೇ ಸರಿಸಬೇಕಾಯ್ತು."

ಮೂವತ್ತೆರಡು ವರ್ಷ ಹಿಂದೆ ಹೇಳಿದ್ದ ಅದೇ ಸುಳ್ಳು. ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ನಾಲಗೆಗೆ ತಾನಾಗಿ ಬಂತು.

"ಅಮ್ಮನೂ ಅದೇ ಅಂದ್ಲು. ಬರೆದೂ ಆಗಿದೆ, ಕೇಳಿ." ಗುಬ್ಬಿ ಕಾಗದ ತೆಗೆದು ಓದಿದಳು. "ನೀರಿನ ಪೈಪಿನ ಕಾರಣ ರಸ್ತೆ ಇಲ್ಲಿ ಬಾಗಿತು. ಎಡಬದಿಯ ಬೈಂಡಿಂಗ್ ಅಂಗಡಿ ನೆಲಸಮವಾಯಿತು. ಆ ಸಂಸಾರವನ್ನು ಕೈಹಿಡಿದು ದಡ ಸೇರಿಸಿದ ಅಣ್ಣನಿಗೆ ಈ ಚಿತ್ರ ಅರ್ಪಣೆ… ಕೊನೇ ಸಾಲು ಅಮ್ಮನದ್ದು. ಹಾಕಲೇಬೇಕು ಅಂತ ಹಟ ಹಿಡಿದು ಕೂತಿದ್ದಾಳೆ!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸರ್ರನೆ ಒಳಗೆ ಹೋದರು. ನಕ್ಷೆಗಾರರು ಎದ್ದು ಕೈ ತೊಳೆದುಕೊಂಡರು. ತೊಳೆದೇ ತೊಳೆದರು.

ನಡೆದದ್ದು ಇಷ್ಟು. ರಸ್ತೆ ಅಗಲ ಮಾಡುವ ಆದೇಶ ಬಂದಿತ್ತು. ಹದಿನೆಂಟು ಅಡಿ ಬೇಕು, ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. ಒಂಬತ್ತು ಹೋಗಿದ್ದರೆ ಭಾವನ ಮೆಟ್ಟಿಲು ಹೋಗುತ್ತಿತ್ತು, ಅಂಗಡಿಯ ಮುಂಭಾಗ ಹೋಗುತ್ತಿತ್ತು. ಕಾಗದ ಕತ್ತರಿಸುವ ಯಂತ್ರ ಉಳಿಯುತ್ತಿತ್ತು, ಹಿಂದಿನ ಮನೆ ಉಳಿಯುತ್ತಿತ್ತು. ಇತ್ತ ಅತ್ತೆಯ ಮನೆಯ ಮುಂಕೋಣೆ ಮಾತ್ರ ಹೋಗುತ್ತಿತ್ತು. ಅಷ್ಟಕ್ಕೇ ಅತ್ತೆ ಮನೆಯಲ್ಲಿ ರಂಪ ಎಬ್ಬಿಸಿದರು.

"ನನ್ನ ಗಂಡ ಕಟ್ಟಿಸಿದ ಕೋಣೆ ಅದು! ನನ್ನ ಸೂರಿನಡಿ ಇರೋಕೆ ನಾಚಿಕೆ ಇಲ್ಲ, ಒಂದು ಗೆರೆ ಆಚೆ ಸರಿಸೋಕೆ ನಾಚಿಕೇನಾ? ಪೆನ್ಸಿಲ್ ಇರೋದು ಯಾರ ಕೈಲಿ? ನಾಳೆ ನನ್ನ ಗೋಡೆ ಬಿದ್ರೆ ನಿಮ್ಮ ಪೆಟ್ಟಿಗೇನೂ ಬೀದಿಗೆ ಬೀಳುತ್ತೆ. ಮಗಳೂ ಮೊಮ್ಮಗನೂ ಇಲ್ಲೇ ಇರ್ತಾರೆ. ತಿಳೀತಾ?"

ಹೆಂಡತಿ ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡರೂ ಹೊರಗೆ ಬರಲಿಲ್ಲ. ನಕ್ಷೆಗಾರರು ಮೂರು ದಿನ ಆಫೀಸಿನ ಮೇಜಿನ ಮುಂದೆ ಸುಮ್ಮನೆ ಕುಳಿತರು. ನಾಲ್ಕನೆಯ ದಿನ ರಬ್ಬರಿನಿಂದ ಒಂದು ಗೆರೆ ಅಳಿಸಿ, ಎಡಕ್ಕೆ ಇನ್ನೊಂದು ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ನೀರಿನ ಪೈಪು" ಎಂದು ಬರೆದರು. ಎಂಜಿನಿಯರ್ ಚಹಾ ಕುಡಿಯುತ್ತಲೇ ಸಹಿ ಹಾಕಿದ.

ಅಂಗಡಿ ಕೆಡವಿದ ದಿನ ಐದು ವರ್ಷದ ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದವರೂ ಇವರೇ. ಊರಾಚೆಯ ವಸತಿ ಕಟ್ಟಡದ ಮೂರನೇ ಮಹಡಿಯಲ್ಲಿ ತಂಗಿಗೆ ಎರಡು ಕೋಣೆ ಸಿಕ್ಕಿತು. ಯಂತ್ರ ಆ ಮೆಟ್ಟಿಲು ಹತ್ತಲಿಲ್ಲ, ಗುಜರಿಗೆ ಹೋಯಿತು. ಭಾವ ಯಾರದೋ ಪ್ರೆಸ್ಸಿನಲ್ಲಿ ಕೂಲಿಗೆ ಸೇರಿದ. ಮಾತು ಕಡಿಮೆಯಾಯಿತು, ಆಮೇಲೆ ಊಟ ಕಡಿಮೆಯಾಯಿತು, ಎರಡು ವರ್ಷಕ್ಕೆ ಮನುಷ್ಯನೇ ಇಲ್ಲವಾದ. ಅಲ್ಲಿಂದ ಮುಂದೆ ನಕ್ಷೆಗಾರರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಗುಬ್ಬಿಯನ್ನು ಶಾಲೆಗೆ ಸೇರಿಸಿದರು, ಲೆಕ್ಕ ಹೇಳಿಕೊಟ್ಟರು, ಮೊದಲ ಕ್ಯಾಮೆರಾ ತಂದುಕೊಟ್ಟರು. "ನಿನ್ನಂಥ ಅಣ್ಣ ಯಾರಿಗಿದ್ದಾನೆ!" ಎಂದು ತಂಗಿ ಅಂದಾಗಲೆಲ್ಲ ಅವರು ಹೊರಡಲು ಚಪ್ಪಲಿ ಹುಡುಕುತ್ತಿದ್ದರು.

ಮರುದಿನ ಮಧ್ಯಾಹ್ನ ಅವರು ಅಂಗಿ ಹಾಕಿಕೊಳ್ಳುವುದನ್ನು ಕಂಡು ಹೆಂಡತಿ ಅಡ್ಡ ನಿಂತರು.

"ಅಮ್ಮ ಹೋಗಿ ಹನ್ನೆರಡು ವರ್ಷ ಆಯ್ತು. ನಿಮ್ಮ ಭಾವನೂ ಇಲ್ಲ. ಈಗ ಹೇಳಿ ಯಾರಿಗೇನು ಬಂತು? ನಿಮ್ಮ ಎದೆ ಹಗುರಾಗುತ್ತೆ, ಅವಳ ಎದೆ ಮೇಲೆ ಕಲ್ಲು ಬೀಳುತ್ತೆ!"

"ಸುಳ್ಳನ್ನ ಗೋಡೆಗೆ ತೂಗುಹಾಕ್ತಾರೆ ಕಣೇ… ಅದರ ಕೆಳಗೆ ನನ್ನನ್ನ ಹೊಗಳಿ!"

ಹೆಂಡತಿ ಪಕ್ಕಕ್ಕೆ ಸರಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನೂ ಅವತ್ತು ಸುಮ್ನಿದ್ದೆ ಅಂತ ಹೇಳಿ," ಎಂದರು. "ಮರೀಬೇಡಿ, ಅದನ್ನೂ ಹೇಳಿ."

ಅವರು ತಂಗಿಯ ಮನೆ ತಲುಪಿದಾಗ ಅವಳು ನೆಲದ ಮೇಲೆ ಕುಳಿತು ದಪ್ಪ ರಿಜಿಸ್ಟರೊಂದಕ್ಕೆ ಹೊಲಿಗೆ ಹಾಕುತ್ತಿದ್ದಳು. ಗಂಡನಿಂದ ಕಲಿತ ವಿದ್ಯೆ, ಅದೇ ಅವಳಿಗೂ ಮಗಳಿಗೂ ಅನ್ನವಾಗಿತ್ತು. ಗುಬ್ಬಿ ಒಳಕೋಣೆಯಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದಳು.

"ಭಾನುವಾರ ಅಲ್ಲವಲ್ಲೋ ಇವತ್ತು! ತಾರೀಕು ಮರೆತು ಬಂದ್ಯಾ?"

"ಅಲ್ಲಿ ಪೈಪು ಇರಲಿಲ್ಲ," ಎಂದರು ನಕ್ಷೆಗಾರರು, ಬಾಗಿಲಲ್ಲೇ ನಿಂತು.

"ಯಾವ ಪೈಪು? ನಮ್ಮ ನಲ್ಲೀದಾ?"

"ನಿಮ್ಮ ಅಂಗಡಿ ಮುಂದಿನ ರಸ್ತೇಲಿ… ಪೈಪೇ ಇರಲಿಲ್ಲ. ನಾನು ಬರೆದದ್ದು. ಎರಡೂ ಕಡೆ ಒಂಬತ್ತೊಂಬತ್ತು ಅಡಿ ಹೋಗಬೇಕಿತ್ತು. ಅತ್ತೆ ಮನೆ ಉಳಿಸೋಕೆ… ಇಲ್ಲ, ನನ್ನ ಮನೆ ಉಳಿಸೋಕೆ, ಪೂರ್ತಿ ಹದಿನೆಂಟೂ ನಿಮ್ಮ ಕಡೆ ಎಳೆದೆ."

ತಂಗಿ ನಕ್ಕಳು. ಬಿಸಿಲಲ್ಲಿ ಬಂದು ಏನೋ ಒದರುತ್ತಿದ್ದಾನೆ ಅನ್ನುವ ನಗು. ಆಮೇಲೆ ಅಣ್ಣನ ಮುಖ ನೋಡಿದಳು. ಸೂಜಿ ಹಿಡಿದ ಕೈ ಮಡಿಲಿಗೆ ಇಳಿಯಿತು.

"ಒಂಬತ್ತೇ ಹೋಗಿದ್ರೆ… ಯಂತ್ರ?"

"ಉಳೀತಿತ್ತು."

"ಮನೆ?"

"ಉಳೀತಿತ್ತು… ನಿನ್ನ ಅತ್ತಿಗೆಗೂ ಗೊತ್ತಿತ್ತು. ಸುಮ್ನಿದ್ಲು. ಹೇಳು ಅಂತ ಅವಳೇ ಅಂದ್ಲು."

ಅತ್ತಿಗೆಯ ಮಾತು ತಂಗಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಸೂಜಿಯನ್ನು ರಿಜಿಸ್ಟರಿಗೆ ಚುಚ್ಚಿಟ್ಟಳು.

"ನಮ್ಮೋರು ಸಾಯೋವರೆಗೂ ಆ ಪೈಪನ್ನ ಬೈತಿದ್ರು ಕಣೋ… ಪೈಪನ್ನ! ಜ್ವರದಲ್ಲಿ ಮಲಗಿದ್ದಾಗಲೂ. 'ಆ ಹಾಳು ಪೈಪು ನಾಲ್ಕಡಿ ಆ ಕಡೆ ಹಾಕಿದ್ರೆ ಏನು ಗಂಟು ಹೋಗ್ತಿತ್ತು' ಅಂತ. ಇಲ್ಲದೇ ಇರೋ ಕಬ್ಬಿಣಕ್ಕೆ ಶಾಪ ಹಾಕ್ತಾ ಸತ್ರು! ನೀನು ಅವರ ತಲೆದಿಂಬಿನ ಹತ್ರ ಕೂತು 'ಹೌದು ಭಾವ, ಹೌದು ಭಾವ' ಅಂತಿದ್ದೆ!"

ಒಳಗಿನಿಂದ ಗುಬ್ಬಿ ಬಂದು ನಿಂತಿದ್ದಳು. ಬಿಳಿಚಿದ ಮುಖ, ಕೈಯಲ್ಲಿ ಚೌಕಟ್ಟು.

"ಅವತ್ತು ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರಲ್ಲ ಮಾವ… 'ಅಳಬೇಡ ಗುಬ್ಬಿ, ಏನೂ ಆಗಲ್ಲ' ಅಂತ… ಅವತ್ತೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಹೋಗು," ಎಂದಳು ತಂಗಿ. ದನಿ ಏರಲಿಲ್ಲ. "ಭಾನುವಾರನೂ ಬರಬೇಡ."

ಶನಿವಾರ ಗುಬ್ಬಿ ಒಂದು ಬಿಳಿ ಹಲಗೆ ತಂದು ಅವರ ಮೇಜಿನ ಮೇಲಿಟ್ಟಳು. ಕೂರಲಿಲ್ಲ. "ಅಮ್ಮ ಏನೂ ಹೇಳಿಲ್ಲ. ಇದು ನಾನು ಕೇಳ್ತಿರೋದು. ಚಿತ್ರದ ಕೆಳಗಿನ ಮಾತು ನೀವೇ ಬರೀರಿ, ನಿಮ್ಮ ಕೈಯಲ್ಲೇ."

ಅವರು ನಕ್ಷೆಗೆ ಬಳಸುತ್ತಿದ್ದ ದುಂಡು ಅಕ್ಷರಗಳಲ್ಲಿ ಬರೆದರು: "ಇಲ್ಲಿ ನೀರಿನ ಪೈಪು ಇರಲಿಲ್ಲ. ನನ್ನ ಮನೆ ಉಳಿಸಿಕೊಳ್ಳಲು ನಾನು ಗೆರೆ ಸರಿಸಿದೆ. ತಂಗಿಯ ಮನೆ ಹೋಯಿತು. ಬಾಗಿಲಲ್ಲಿ ನಿಂತಿರುವವನು ಅವಳ ಗಂಡ, ಒಳ್ಳೆಯ ಕೆಲಸಗಾರ. — ನಕ್ಷೆ ಬರೆದವನು."

ಪ್ರದರ್ಶನ ನಡೆದದ್ದು ಅದೇ ರಸ್ತೆಯಲ್ಲಿ, ನಕ್ಷೆಗಾರರ ಮನೆ ಪಕ್ಕದ ಗ್ರಂಥಾಲಯದಲ್ಲಿ. ಆರು ದಿನವೂ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಕ್ಷೆಗಾರರು ಬಂದು ಆ ಜೋಡಿಚಿತ್ರದ ಪಕ್ಕ ನಿಲ್ಲುತ್ತಿದ್ದರು. ಯಾರೂ ನಿಲ್ಲಲು ಹೇಳಿರಲಿಲ್ಲ. ಓದಿದವರು ಅತ್ತಿತ್ತ ನೋಡಿ, "ಯಾರಪ್ಪ ಈ ಮಹಾನುಭಾವ?" ಎಂದರೆ, "ನಾನೇ," ಎನ್ನುತ್ತಿದ್ದರು. ಕೆಲವರು ಛೀ ಎಂದರು. ಅಂದು ಸಹಿ ಹಾಕಿದ್ದ ಎಂಜಿನಿಯರ್ ಕೋಲೂರಿಕೊಂಡು ಬಂದು ಓದಿ, "ನಿವೃತ್ತಿ ಆದ್ಮೇಲೆ ಎಲ್ರೂ ಹೂಗಿಡ ಹಾಕ್ತಾರಯ್ಯ. ನೀನು ನಮ್ಮ ಗುಂಡಿ ನಾವೇ ತೋಡೋ ಕೆಲಸ ಹಚ್ಕೊಂಡಿದ್ದೀಯ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. ಹೋಗುವಾಗ ಅವನ ತಲೆ ಬಗ್ಗಿತ್ತು.

ಕೊನೆಯ ದಿನ ಸಂಜೆ ನಾಲ್ಕಕ್ಕೆ ತಂಗಿ ಬಂದಳು. ಅಣ್ಣನ ಕಡೆ ತಿರುಗಲಿಲ್ಲ. ನಲವತ್ತು ಚಿತ್ರಗಳಲ್ಲಿ ಅದೊಂದರ ಮುಂದೆ ಮಾತ್ರ ನಿಂತಳು. ಗಂಡನ ಮುಖದ ಹತ್ತಿರ ಬೆರಳು ಒಯ್ದು, ಗಾಜಿಗೆ ತಾಗಿಸದೆ ಹಿಂದಕ್ಕೆ ತೆಗೆದುಕೊಂಡಳು. ಹಲಗೆ ಓದಿದಳು. ಮತ್ತೊಮ್ಮೆ ಓದಿದಳು. ಬಂದ ಹಾಗೆಯೇ ಹೊರಟುಹೋದಳು.

ನಕ್ಷೆಗಾರರು ದೂರದಿಂದಲೇ ಹಿಂಬಾಲಿಸಿದರು. ರಸ್ತೆಯ ಅಂಚಿನಲ್ಲಿ ತಂಗಿ ನಿಂತುಬಿಟ್ಟಿದ್ದಳು. ಬಸ್ ನಿಲ್ದಾಣ ಆ ಕಡೆ. ಬಿಡುವಿಲ್ಲದೆ ಹರಿಯುವ ಗಾಡಿಗಳು. ಅವಳ ಮಂಡಿ ಮೊದಲಿನ ಹಾಗಿಲ್ಲ. ಎರಡು ಸಲ ಕಾಲಿಟ್ಟು ಎರಡು ಸಲವೂ ಹಿಂದೆ ಸರಿದಳು. ತಿರುಗಿ ನೋಡದೆಯೇ, "ಕೈ ಕೊಡು," ಎಂದಳು.

ಅವರು ಕೊಟ್ಟರು.

"ಕ್ಷಮಿಸಿದ್ದೀನಿ ಅಂದ್ಕೋಬೇಡ. ಗಾಡಿ ಜಾಸ್ತಿ ಇದೆ, ಅದಕ್ಕೆ."

"ಇಲ್ಲ… ಅಂದ್ಕೊಳಲ್ಲ."

ದಾಟಿ ನಿಲ್ದಾಣದ ಕಲ್ಲುಬೆಂಚಿನ ಬಳಿ ಬಂದರು. ಅವಳು ಕೈ ಬಿಡಿಸಿಕೊಂಡು ಸುತ್ತ ನೋಡಿದಳು. ಗಾಜಿನ ಅಂಗಡಿಗಳು, ಜಾಹೀರಾತು, ಜನ… ಯಾವುದೂ ಗುರುತು ಹತ್ತಲಿಲ್ಲ.

"ಇಲ್ಲಿ ನಮ್ಮದು ಏನಿತ್ತೋ?"

ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಯಾರೂ ಇರಲಿಲ್ಲ. "ಅಂಗಡಿ ಅಲ್ಲಿ, ಗಾಡಿ ಹೋಗೋ ಜಾಗದಲ್ಲಿ," ಎಂದರು. "ಇದು… ನೀನು ನಿಂತಿರೋದು ನಿನ್ನ ಅಡುಗೆಮನೆ."

ತಂಗಿ ಕಾಲ ಕೆಳಗೆ ನೋಡಿದಳು. ಮೆಲ್ಲಗೆ ಬೆಂಚಿನ ಮೇಲೆ ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಊರಿದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅವಳ ಬಸ್ಸು ಬಂತು, ನಿಂತಿತು, ಕಂಡಕ್ಟರ್ ಎರಡು ಸಲ ಕೂಗಿದ.

"ಹೋಗಲಿ ಬಿಡು," ಎಂದಳು. "ಮುಂದಿನದಕ್ಕೆ ಹೋಗ್ತೀನಿ."

ಬಸ್ಸು ಹೊರಟಿತು. ಅಣ್ಣ ಇನ್ನೂ ನಿಂತೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗು ಎಳೆದುಕೊಂಡು ಬೆಂಚಿನ ಆ ತುದಿಗೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.