ಉತ್ತರ ಕೊಲ್ಲಿಯ ಮೂರು ತಪ್ಪು ಅಳತೆ

"ಈ ಅಳತೆ ತೆಗೆಯೋವಾಗ ಕಣ್ಣು ಮುಚ್ಕೊಂಡಿದ್ಯಾ?"

ಭೂವಿಜ್ಞಾನಿ ರಾನ್ವೈ ಟಿಪ್ಪಣಿ ಪುಸ್ತಕವನ್ನು ಸಹಾಯಕ ಔಡುನ್‌ನ ಎದೆಗೆ ಎಸೆದಳು. ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪದ ದಡದ ಆ ಗುಡಾರದಲ್ಲಿ ಕಾಫಿ ಕುದಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅವಳು ಕುದಿಯುತ್ತಿದ್ದಳು.

ಕೋಟ್ಯಂತರ ವರ್ಷಗಳ ಹಿಂದೆ ನೆಲ ಬಿರಿದು ಸಮುದ್ರ ಎತ್ತ ತೆರೆದುಕೊಂಡಿತು? ಅದನ್ನು ಆ ಬಿರುಕುಗಳಲ್ಲಿ ಉಕ್ಕಿ ಗಟ್ಟಿಯಾದ ಈ ಕರಿಬಂಡೆಯ ಗೋಡೆಗಳ ದಿಕ್ಕು ನೋಡಿಯೇ ಹೇಳಬೇಕು. ನಾಲ್ಕು ವರ್ಷದ ದುಡಿಮೆ, ಇದೇ ಕೊನೆಯ ಬೇಸಿಗೆ. ಉತ್ತರ ಕೊಲ್ಲಿಯ ಮೂರು ಅಳತೆ ಮಾತ್ರ ಇಪ್ಪತ್ತು ಡಿಗ್ರಿ ಸೊಟ್ಟ!

"ನಾಳೆ ದೋಣಿ ಬರುತ್ತೆ, ಹತ್ಕೊಂಡು ಹೋಗು. ಮೀನು ಹಿಡಿಯೋಕೇ ಲಾಯಕ್ಕು ನೀನು."

"ನಮ್ಮಪ್ಪ ಮೀನುಗಾರನೇ. ಅವನ ದಿಕ್ಕು ಯಾವತ್ತೂ ತಪ್ಪಿಲ್ಲ."

"ಮತ್ತೆ ನಿಂದು?"

ಅವನು ತುಟಿ ಬಿಚ್ಚಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರವಂತೆ. ಈ ಮಹಾಶಯನ ಮೌನಕ್ಕೆ ತುಕ್ಕಿನ ಬೆಲೆಯೂ ಇಲ್ಲ ಎಂದುಕೊಂಡಳು.

ಬೆಳಿಗ್ಗೆ ಅವಳೇ, ಹಿಮಕರಡಿಗಳ ಆ ಸೀಮೆಯಲ್ಲಿ ಬಿಟ್ಟು ಹೋಗುವಂತಿಲ್ಲದ ಬಂದೂಕನ್ನು ಹೆಗಲಿಗೇರಿಸಿ ಕೊಲ್ಲಿಗೆ ನಡೆದಳು. ಸಿಟ್ಟಿನಲ್ಲಿ ದಿಕ್ಸೂಚಿ ಹಿಡಿದಳು. ಅದೇ ಇಪ್ಪತ್ತು ಡಿಗ್ರಿ ಸೊಟ್ಟ!

ಬಂದೂಕಿನ ಕಬ್ಬಿಣ ಸೂಜಿಯನ್ನು ಎಳೆಯುತ್ತಿದೆ... ಅದನ್ನು ಹತ್ತು ಹೆಜ್ಜೆ ದೂರ ಇಟ್ಟು ಬಂದಳು. ಸೂಜಿ ಸರಿಯಾಯಿತು.

'ಬಂದೂಕು ಇಳಿಸದೆ ಅಳೆದಿದ್ದಾನೆ! ಮೊದಲ ವರ್ಷದ ಮಕ್ಕಳಿಗೂ ಗೊತ್ತಿರೋ ಪಾಠ!'

ಆಗ ಕಣ್ಣಿಗೆ ಬಿತ್ತು. ಔಡುನ್ ಅಳತೆ ತೆಗೆದ ದಿನ ಅವಳು ಕಲ್ಲು ಕುಟ್ಟುತ್ತಾ ಕೂತಿದ್ದ ಜಾಗದ ಹಿಂದೆಯೇ ಕೆಸರಿನಲ್ಲಿ ಹಿಮಕರಡಿಯ ಒಣಗಿದ ಹೆಜ್ಜೆಗಳು, ತಿರುಗಿ ಸಮುದ್ರಕ್ಕೆ ಇಳಿದಿದ್ದವು. ಅವಕ್ಕೂ ಅವಳ ಜಾಗಕ್ಕೂ ನಡುವೆ, ಒಂದೇ ಕಡೆ ತುಳಿದು ತುಳಿದು ಆಳವಾದ ಬೂಟಿನ ಗುರುತು. ಔಡುನ್‌ನದು.

ಅವಳು ಗುಡಾರದ ದಡಕ್ಕೆ ಓಡಿದಳು.

ಅವನ ಚೀಲ ಆಗಲೇ ದೋಣಿ ಸೇರಿತ್ತು.

"ಕರಡಿ ಬಂದಿತ್ತು! ಯಾಕೋ ಹೇಳ್ಲಿಲ್ಲ, ದಡ್ಡ ಶಿಖಾಮಣಿ?"

"ಹೇಳಿದ್ರೆ ಆ ಕೊಲ್ಲಿ ಬಿಟ್ಟು ಹೊರಡಬೇಕಿತ್ತು. ನಿನ್ನ ನಾಲ್ಕು ವರ್ಷ..."

"ಸತ್ತಿದ್ರೆ ಆ ನಾಲ್ಕು ವರ್ಷ ಯಾರಿಗೆ ಬೇಕಿತ್ತು? ನಿನ್ನ ತಲೇಲಿ ಇರೋದು ಮಿದುಳೋ, ಒಣಮೀನೋ?" ಬೈಯುತ್ತಲೇ ಅಳು ಬಂತು. "ನನ್ನ ಕಾಯೋಕೆ ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ನೀನು ಆ ಕಡೆ ಬೆನ್ನು ಮಾಡಿ ಕೂತಿದ್ದೆ... ಬಂದೂಕು ಇಳಿಸೋಕೆ ಮನಸ್ಸೇ ಬರ್ಲಿಲ್ಲ, ರಾನ್ವೈ. ನೀನಂದ್ರೆ ನಂಗೆ ಅಷ್ಟು ಇಷ್ಟ."

ಅವಳು ದೋಣಿಯಿಂದ ಚೀಲ ಎಳೆದು ಮರಳಿನ ಮೇಲೆ ಹಾಕಿದಳು.

"ಮೂರೂ ಅಳತೆ ಮತ್ತೆ ತೆಗಿ. ಬಂದೂಕು ನಾನು ಹಿಡೀತೀನಿ, ಹತ್ತು ಹೆಜ್ಜೆ ದೂರದಲ್ಲಿ."

"ಅಷ್ಟು ದೂರ ನಿಲ್ಲಲೇಬೇಕಾ?"

"ಸೂಜಿ ಕದಲುತ್ತಲ್ಲೋ, ಪೆದ್ದೇ! ಅಳತೆ ಮುಗೀಲಿ..." ಅವಳು ಕಣ್ಣೊರೆಸಿಕೊಂಡಳು. "ಆಮೇಲೆ ಹತ್ತಿರ ಬರ್ತೀನಿ."